ನೇಕಾರರ ಬಳಿ ಠೇವಣಿ ಇಟ್ಟ ಕಾಲ

ಕಲೆಗೂ ಲೆಕ್ಕಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ ಅಂತ ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಕಸೂತಿ ಕಲಿಸಿ ದುಡ್ಡು ಕೇಳಿದರೆ ಕಲೆಯ ಮರ್ಯಾದೆ ಹೋಯಿತು, ಕೈಕೆಲಸದವರು ಲೆಕ್ಕದ ಪುಸ್ತಕ ಹಿಡಿದರೆ ಕೆಲಸ ಕೆಟ್ಟಿತು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಹಿಂದಿನ ಕಾಲದ ಕುಶಲಕರ್ಮಿಗಳೂ ಹೀಗೇ ಇದ್ದರೇ? ನಾನು ಇತಿಹಾಸ ಓದಿದವನಲ್ಲ, ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು. ಆದರೆ ನಾಸಿಕದ ಒಂದು ಗುಡ್ಡದ ಮೇಲೆ ಈ ಪ್ರಶ್ನೆಗೆ ಉತ್ತರ ಇದೆ, ಅದೂ ಬ್ಯಾಂಕಿನವರ ಭಾಷೆಯಲ್ಲೇ!

ಮುಂಬಯಿ ಕಡೆಯಿಂದ ನಾಸಿಕಕ್ಕೆ ಹೋಗುವಾಗ ಊರು ಸೇರುವ ಮುಂಚೆ ಹೆದ್ದಾರಿಯ ಪಕ್ಕದಲ್ಲೇ ಪಾಂಡವಲೇಣಿ ಗುಹೆಗಳು ಸಿಗುತ್ತವೆ. ಹೆಸರು ಪಾಂಡವರದ್ದಾದರೂ ಅವು ಬೌದ್ಧ ಭಿಕ್ಷುಗಳ ವಿಹಾರಗಳು. ನಾಸಿಕದ ಶಾಖೆಯಲ್ಲಿ ಮೂರು ವರ್ಷ ಇದ್ದಾಗ ಭಾನುವಾರ ಬಂತೆಂದರೆ ನನ್ನ ಕಾಲು ಅತ್ತ ಎಳೆಯುತ್ತಿತ್ತು. ಅಲ್ಲಿನ ಹತ್ತನೇ ಗುಹೆಯಲ್ಲಿ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ಬರೆಸಿದ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಸುಮಾರು 1,900 ವರ್ಷಗಳ ಹಿಂದಿನದು.

ಅದರಲ್ಲಿ ಒಂದು ಶಾಸನ ಹೇಳುವುದು ಇಷ್ಟು. ಉಷವದಾತ ಗುಹೆಯನ್ನು ಸಂಘಕ್ಕೆ ದಾನ ಮಾಡಿದ. ಜೊತೆಗೆ 3,000 ಕಾರ್ಷಾಪಣ ನಾಣ್ಯಗಳನ್ನೂ ಕೊಟ್ಟ. ಆ ಹಣವನ್ನು ಭಿಕ್ಷುಗಳ ಕೈಗೆ ಕೊಡಲಿಲ್ಲ, ಅರಮನೆಯ ಭಂಡಾರದಲ್ಲೂ ಇಡಲಿಲ್ಲ. ಪಕ್ಕದ ಗೋವರ್ಧನ ಎಂಬ ಊರಿನ ನೇಕಾರರ ಸಂಘಗಳಲ್ಲಿ ಠೇವಣಿ ಇಟ್ಟ. ಶಾಸನದ ಮಾತಿನಲ್ಲಿ ಅದು 'ಕೋಲಿಕ ನಿಕಾಯ'. ಒಂದು ಸಂಘದಲ್ಲಿ 2,000, ತಿಂಗಳಿಗೆ ನೂರಕ್ಕೆ 1ರಂತೆ ಬಡ್ಡಿ. ಇನ್ನೊಂದು ನೇಕಾರ ಸಂಘದಲ್ಲಿ 1,000, ತಿಂಗಳಿಗೆ ನೂರಕ್ಕೆ ಮುಕ್ಕಾಲರಂತೆ ಬಡ್ಡಿ. ಅಸಲನ್ನು ಯಾರೂ ಮುಟ್ಟುವಂತಿಲ್ಲ, ಬಡ್ಡಿಯನ್ನು ಮಾತ್ರ ಬಳಸಬೇಕು. ಇದಕ್ಕೆ 'ಅಕ್ಷಯ ನೀವಿ' ಎಂದು ಹೆಸರು.

ಮೊದಲ ಠೇವಣಿಯ ಬಡ್ಡಿ ಯಾತಕ್ಕೆ? ಆ ಗುಹೆಯಲ್ಲಿ ಮಳೆಗಾಲ ಕಳೆಯುವ 20 ಮಂದಿ ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆಯ ಹಣ. ಈಗ ನೀವೇ ಗುಣಿಸಿ ನೋಡಿ. 2,000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇತ್ತ 20 ಮಂದಿಗೆ 12ರಂತೆ 240. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಮ್ಮಿಯಿಲ್ಲ! ಮೊದಲ ಸಲ ಈ ಲೆಕ್ಕ ಹಾಕಿದಾಗ, ವರ್ಷಾಂತ್ಯದಲ್ಲಿ ತಾಳೆಪಟ್ಟಿ ಸರಿಹೋದಾಗ ಆಗುವಂಥ ಸಂತೋಷ ಆಯಿತು ನನಗೆ. ಸಾಲದ್ದಕ್ಕೆ ಈ ವ್ಯವಹಾರವನ್ನು ಊರಿನ ನಿಗಮ ಸಭೆಯಲ್ಲಿ ಓದಿ ಹೇಳಿ, ಹಲಗೆಯ ಮೇಲೆ ಬರೆಸಿ ದಾಖಲೆ ಮಾಡಿದ್ದರಂತೆ. ನಾವು ಇಂದು ರಿಜಿಸ್ಟ್ರೇಶನ್ ಅನ್ನುವುದು ಇನ್ನೇನು?

ಈಗ ನೇಕಾರರ ಕಡೆಯಿಂದ ಯೋಚಿಸಿ. ಮೊದಲ ಸಂಘದವರು ವರ್ಷಕ್ಕೆ ಶೇಕಡಾ 12 ಬಡ್ಡಿ ಕಟ್ಟಬೇಕು, ಎರಡನೆಯವರು ಶೇಕಡಾ 9. ಅದೂ ಒಂದೆರಡು ವರ್ಷಕ್ಕಲ್ಲ, ಸದಾಕಾಲಕ್ಕೆ. ನೂಲಿನ ಖರ್ಚು, ಮಗ್ಗದ ರಿಪೇರಿ, ನೇಯುವವರ ಹೊಟ್ಟೆಪಾಡು ಎಲ್ಲ ಕಳೆದು ಅದರ ಮೇಲೆ ಈ ಬಡ್ಡಿ ಹುಟ್ಟಬೇಕು. ತಮ್ಮ ಒಂದು ಬಟ್ಟೆಗೆ ಏನು ಬೀಳುತ್ತದೆ, ಏನು ಉಳಿಯುತ್ತದೆ ಎಂದು ಗೊತ್ತಿಲ್ಲದವರು ಇಂಥ ಕರಾರಿಗೆ ಒಪ್ಪಲು ಸಾಧ್ಯವೇ? ಒಪ್ಪಿದರೂ ರಾಜನ ಅಳಿಯ ಅವರನ್ನು ನಂಬಿ ಹಣ ಇಡುತ್ತಿದ್ದನೇ?

ಇದು ನೇಕಾರರೊಬ್ಬರ ಕಥೆಯಲ್ಲ. ಅದೇ ಗುಡ್ಡದಲ್ಲಿ ಮೂರನೇ ಶತಮಾನದ ಆಭೀರ ದೊರೆ ಈಶ್ವರಸೇನನ ಕಾಲದ ಶಾಸನವೊಂದಿದೆ. ವಿಷ್ಣುದತ್ತಾ ಎಂಬ ಉಪಾಸಿಕೆ ಕಾಯಿಲೆ ಬಿದ್ದ ಭಿಕ್ಷುಗಳ ಔಷಧಿಗೆಂದು ಹಣ ಇಟ್ಟಳು. ಎಲ್ಲಿ? ನೀರೆತ್ತುವ ಯಂತ್ರ ಮಾಡುವವರು, ಎಣ್ಣೆ ತೆಗೆಯುವ ಗಾಣಿಗರು ಮುಂತಾದವರ ಸಂಘಗಳಲ್ಲಿ. ಪುಣೆ ಜಿಲ್ಲೆಯ ಜುನ್ನರದ ಗುಹೆಗಳಲ್ಲೂ ಬಿದಿರು ಕೆಲಸದವರ, ಕಂಚುಗಾರರ ಸಂಘಗಳಲ್ಲಿ ಠೇವಣಿ ಇಟ್ಟ ಮಾತು ಬರುತ್ತದೆ. ನಮ್ಮ ಕನ್ನಡ ಶಾಸನಗಳಲ್ಲಿ ನಂದಾದೀಪಕ್ಕೆಂದು ಹೊನ್ನು ಕೊಟ್ಟು, ಅದರ ಬಡ್ಡಿಯಿಂದ ದೇವರಿಗೆ ಎಣ್ಣೆ ನಡೆಯಲಿ ಎನ್ನುವುದೂ ಇದೇ ಜಾತಿಯ ಏರ್ಪಾಡು. ಇಂದು ನೇಕಾರ ಸಾಲದ ಅರ್ಜಿ ಹಿಡಿದು ನಮ್ಮ ಮೇಜಿನ ಮುಂದೆ ನಿಲ್ಲುತ್ತಾನೆ. ಅಂದು ಉಳ್ಳವರು ಹಣ ಹಿಡಿದು ನೇಕಾರನ ಮುಂದೆ ನಿಂತಿದ್ದರು!

ಊರು ಬಿಟ್ಟು ಬಂದ ನಮ್ಮಂಥವರಿಗೆ ಇನ್ನೊಂದು ಶಾಸನ ಹೆಚ್ಚು ಹತ್ತಿರದ್ದು ಅನ್ನಿಸಬಹುದು. ಮಧ್ಯಪ್ರದೇಶದ ಮಂದಸೋರಿನದು. ಗುಜರಾತಿನ ಲಾಟ ದೇಶದಿಂದ ರೇಷ್ಮೆ ನೇಕಾರರ ಸಂಘವೊಂದು ವಲಸೆ ಬಂದು ಅಲ್ಲಿ ನೆಲೆಸಿತು. ಆಗ ಆ ಊರಿನ ಹೆಸರು ದಶಪುರ. ಬಂದವರಲ್ಲಿ ಕೆಲವರು ನೇಯ್ಗೆಯಲ್ಲೇ ಉಳಿದರು, ಕೆಲವರು ಬಿಲ್ಲುವಿದ್ಯೆ, ಜ್ಯೋತಿಷ್ಯ ಎಂದು ಬೇರೆ ದಾರಿ ಹಿಡಿದರು. ನಮ್ಮ ಮಕ್ಕಳಂತೆಯೇ ಅನ್ನಿ. ಆದರೂ ಸಂಘ ಒಡೆಯಲಿಲ್ಲ. ಸುಮಾರು 437ರಲ್ಲಿ ಅವರು ತಮ್ಮ ಹಣದಲ್ಲಿ ಸೂರ್ಯ ದೇವಾಲಯ ಕಟ್ಟಿಸಿದರು. ಅದು ಹಾಳಾದಾಗ 473ರಲ್ಲಿ ಅದೇ ಸಂಘ ಜೀರ್ಣೋದ್ಧಾರ ಮಾಡಿಸಿತು. ವತ್ಸಭಟ್ಟಿ ಎಂಬ ಕವಿಯಿಂದ ಶಾಸನ ಬರೆಸಿ, ಅದರಲ್ಲಿ ತಾವು ನೇಯ್ದ ರೇಷ್ಮೆಯ ಜಾಹೀರಾತನ್ನೂ ಸೇರಿಸಿದರು! ಪರವೂರಲ್ಲಿ 36 ವರ್ಷದ ಮೇಲೂ ಸಂಘದ ಗಂಟು ಉಳಿದಿತ್ತು ಎಂದರೆ ಲೆಕ್ಕ ಇಟ್ಟವರು ಇದ್ದರು ಅಂತಲೇ ಅರ್ಥ.

ಈ ಹಳೆಯ ಪುರಾಣ ಈಗ ಯಾಕೆ ಅಂತೀರಾ? ಇಲ್ಲಿ ಪುಣೆಯಲ್ಲಿ ನಮ್ಮವರ ನಡುವೆ ಧಾರವಾಡ ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಅವರ ಬೆರಳ ತುದಿಯಲ್ಲಿವೆ. ಹಲವು ವರ್ಷ ಪುಕ್ಕಟೆ ಕಲಿಸಿದರು. ದಾರ ಅವರದೇ, ಆಟೋ ಖರ್ಚೂ ಅವರದೇ. ಆಮೇಲೆ ನಿಲ್ಲಿಸಿಬಿಟ್ಟರು. ಶುಲ್ಕ ಇಡೋಣ ಎಂದಾಗ ಅವರಂದದ್ದು, "ನಮ್ಮ ಮಂದಿ ಕಡೆನ ರೊಕ್ಕಾ ಇಸ್ಕೊಳ್ಳೋದೇನ್ರೀ?" ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಿಜ. ಆದರೆ ಕಲಿಸುವವರ ಕೈಯಿಂದಲೇ ಹಣ ಹೋಗುತ್ತಿದ್ದರೆ ಮಾನ್ಯತೆಯ ಕಾಗದ ಸೂಜಿಗೆ ದಾರ ಪೋಣಿಸೀತೇ?

ನಾನು ಅವರಿಗೆ ಗೋವರ್ಧನದ ನೇಕಾರರ ಕಥೆ ಹೇಳಿ ಒಂದು ಚೀಟಿ ಬರೆದುಕೊಟ್ಟೆ. 10 ಮಂದಿಯ ಎರಡು ದಿನದ ಶಿಬಿರ. ಎಷ್ಟು ಜನ ಬಂದರೂ ತಪ್ಪದ ಖರ್ಚು: ಕೋಣೆ ಬಾಡಿಗೆ 1,500, ಕಲಿಸುವವರ ಎರಡು ದಿನದ ಕೂಲಿ 3,000, ಮುಂಚಿತ ತಯಾರಿಯ ಕೂಲಿ 1,000. ಒಟ್ಟು 5,500. ತಲೆಗೆ ಬೀಳುವ ಖರ್ಚು: ಬಟ್ಟೆ, ದಾರ, ಸೂಜಿ 150, ಚಹಾ ತಿಂಡಿ 50. ಹತ್ತೂ ಮಂದಿ ಬಂದರೆ ಒಟ್ಟು 7,500, ಅಂದರೆ ತಲಾ 750. ಆದರೆ ಹೆಸರು ಕೊಟ್ಟವರೆಲ್ಲ ಬರುತ್ತಾರೆಯೇ? ಎಂಟೇ ಮಂದಿ ಎಂದು ಹಿಡಿದರೆ 7,100, ತಲಾ ಸುಮಾರು 888. ಆದ್ದರಿಂದ ಶುಲ್ಕ 900. ಎಂಟು ಮಂದಿ ಬಂದರೆ 100 ರೂಪಾಯಿ ಉಳಿತಾಯ, ಹತ್ತು ಮಂದಿ ಬಂದರೆ 1,500. ಉಳಿದದ್ದನ್ನು ಹಂಚಿಕೊಳ್ಳದೆ ಬೇರೆ ಖಾತೆಯಲ್ಲಿ ಇಡಬೇಕು. ಅದೇ ನಮ್ಮ ಅಕ್ಷಯ ನೀವಿ. ಅದು ಬೆಳೆದ ಮೇಲೆ ಅದರ ಬಡ್ಡಿಯಲ್ಲಿ, ಶುಲ್ಕ ಕೊಡಲಾಗದ ಒಬ್ಬ ಹುಡುಗಿಗೆ ದಾರ, ಬಟ್ಟೆ ಕೊಡಿಸಬಹುದು.

ಚೀಟಿಯಲ್ಲಿ ಅವರು ಬಹಳ ಹೊತ್ತು ನೋಡಿದ್ದು ಒಂದೇ ಸಾಲನ್ನು. "ಕಲಿಸುವವರ ಕೂಲಿ" ಎಂಬ ಸಾಲನ್ನು. ತಮ್ಮ ಕೆಲಸಕ್ಕೆ ಒಂದು ಬೆಲೆ ಬರೆದದ್ದನ್ನು ಅವರು ನೋಡಿದ್ದು ಅದೇ ಮೊದಲಂತೆ. ಶಿಬಿರ ನಡೆಯಿತು, ಒಂಬತ್ತು ಮಂದಿ ಬಂದರು.

ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಒಂದು ಎಳೆ ತಪ್ಪಿದರೂ ಗೋಪುರ ವಾಲುತ್ತದೆ. ಇಷ್ಟು ಎಣಿಸಲು ಬಲ್ಲವರಿಗೆ ರೂಪಾಯಿ ಎಣಿಸಲು ಸಂಕೋಚ ಯಾಕೆ? ನಿಮ್ಮ ಊರಿನ ಕನ್ನಡದವರಲ್ಲೂ ಇಂಥ ಕೈಗಳು ಇರುತ್ತವೆ. ಅವರನ್ನು ಶಾಲು ಹೊದಿಸಿ ಸನ್ಮಾನಿಸುವ ಮುಂಚೆ ಅವರ ಕೂಲಿಯ ಸಾಲೊಂದನ್ನು ಬರೆಯೋಣ. ಏನಂತೀರಿ?