ಖುಲಾಸೆಯ ನಂತರದ ತೊಂಬತ್ತು ದಿನ

ನ್ಯಾಯಾಲಯ ಆರೋಪಿಯನ್ನು ಖುಲಾಸೆ ಮಾಡಿದರೆ ಮೊಕದ್ದಮೆ ಮುಗಿಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಮುಗಿದಿರುವುದಿಲ್ಲ. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಸರ್ಕಾರಕ್ಕೆ ಇನ್ನೂ 90 ದಿನಗಳ ಅವಕಾಶ ಇರುತ್ತದೆ.

ಮೊದಲು ಹೀಗಿರಲಿಲ್ಲ. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಖುಲಾಸೆಯ ವಿರುದ್ಧ ಮೇಲ್ಮನವಿಗೆ ಆಸ್ಪದವೇ ಇರಲಿಲ್ಲ. ಒಮ್ಮೆ ಬಿಡುಗಡೆಯಾದವನನ್ನು ಮತ್ತೆ ಕಟಕಟೆಗೆ ಎಳೆಯಬಾರದೆಂಬುದು ಇಂಗ್ಲಿಷ್ ಕಾನೂನಿನ ಹಳೆಯ ನಿಲುವು. 1872ರ ಸಂಹಿತೆ ಅದನ್ನು ಬದಿಗಿಟ್ಟು ಸರ್ಕಾರಕ್ಕೆ ಈ ಹಕ್ಕು ಕೊಟ್ಟಿತು. 1898ರ ಸಂಹಿತೆಯ 417ನೇ ಕಲಮು ಅದನ್ನು ಮುಂದುವರಿಸಿತು.

ಹಕ್ಕಿನ ಜೊತೆಗೆ ಗಡುವೂ ಬಂತು. ಆದರೆ ಅದು ಎಲ್ಲರಿಗೂ ಒಂದೇ ಆಗಿರಲಿಲ್ಲ. 1908ರ ಕಾಲಮಿತಿ ಕಾಯಿದೆ ಮೂಲದಲ್ಲಿ ಸರ್ಕಾರಕ್ಕೆ ಆರು ತಿಂಗಳು ಕೊಟ್ಟರೆ, ಗಲ್ಲು ಶಿಕ್ಷೆಗೆ ಗುರಿಯಾದವನಿಗೆ ಕೊಟ್ಟದ್ದು ಏಳೇ ದಿನ! 1963ರ ಕಾಯಿದೆ ಈ ಅಂತರವನ್ನು ತಗ್ಗಿಸಿತು. ಸರ್ಕಾರಕ್ಕೆ 90 ದಿನ, ಮರಣದಂಡನೆಗೆ ಒಳಗಾದವನಿಗೆ 30 ದಿನ ನಿಗದಿಯಾಯಿತು. ತೀರ್ಪಿನ ದೃಢೀಕೃತ ನಕಲು ಪಡೆಯಲು ಬೇಕಾದ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಸರ್ಕಾರಕ್ಕೆ ಅಷ್ಟು ದಿನ ಏಕೆ ಬೇಕು? ಅಭಿಯೋಜಕರ ಅಭಿಪ್ರಾಯ, ಇಲಾಖೆಯ ಪರಿಶೀಲನೆ, ಮಂಜೂರಾತಿ ಎಂದು ಕಡತ ಮೇಜಿನಿಂದ ಮೇಜಿಗೆ ಸಾಗಬೇಕು. ಗಡುವು ಮೀರಿದರೆ ಸಕಾರಣ ತೋರಿಸಿ ವಿಳಂಬ ಮನ್ನಿಸುವಂತೆ ಕೇಳಬಹುದು. ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಧೋರಣೆ ಬದಲಾಗುತ್ತ ಬಂದಿದೆ. 1987ರಲ್ಲಿ ಭೂಸ್ವಾಧೀನ ಪ್ರಕರಣವೊಂದರಲ್ಲಿ ಅದು ಸರ್ಕಾರಿ ವಿಳಂಬದ ಬಗ್ಗೆ ಉದಾರವಾಗಿ ನಡೆದುಕೊಂಡಿತ್ತು. 2012ರಲ್ಲಿ ಅಂಚೆ ಇಲಾಖೆಯ ಪ್ರಕರಣದಲ್ಲಿ 427 ದಿನಗಳ ವಿಳಂಬವನ್ನು ಮನ್ನಿಸಲು ನಿರಾಕರಿಸಿ, ಗಡುವು ಸರ್ಕಾರಕ್ಕೂ ಅನ್ವಯಿಸುತ್ತದೆ ಎಂದಿತು. ಇವೆರಡೂ ಸಿವಿಲ್ ಪ್ರಕರಣಗಳು. ಕ್ರಿಮಿನಲ್ ಮೊಕದ್ದಮೆಯಲ್ಲಿ ವಿಳಂಬದ ಹೊರೆ ಬೀಳುವುದು ಒಬ್ಬ ವ್ಯಕ್ತಿಯ ಸ್ವಾತಂತ್ರ್ಯದ ಮೇಲೆ.

ಅದಕ್ಕಾಗಿಯೇ 1973ರ ಸಂಹಿತೆ ಇನ್ನೊಂದು ಬೇಲಿ ಹಾಕಿತು. ಖುಲಾಸೆಯ ವಿರುದ್ಧದ ಮೇಲ್ಮನವಿಯನ್ನು ವಿಚಾರಣೆಗೆ ಅಂಗೀಕರಿಸಲು ಹೈಕೋರ್ಟಿನ ಅನುಮತಿ ಬೇಕೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 419ನೇ ಕಲಮಿನಲ್ಲೂ ಈ ಷರತ್ತು ಉಳಿದಿದೆ. 2009ರ ಕೊನೆಯಲ್ಲಿ ಸಂತ್ರಸ್ತರಿಗೂ ಮೇಲ್ಮನವಿಯ ಹಕ್ಕು ಬಂತು. ಆದರೆ ಆ ನಿಯಮದಲ್ಲಿ ಗಡುವಿನ ಉಲ್ಲೇಖವಿಲ್ಲ.

ಗಡುವಿನೊಳಗೆ ನಡೆದರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಜಯಲಲಿತಾ ಮತ್ತು ಇತರ ಮೂವರನ್ನು ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿದ್ದು 2015ರ ಮೇ 11ರಂದು. ರಾಜ್ಯ ಸರ್ಕಾರ ಜೂನ್ 23ರಂದು, ಅಂದರೆ 43ನೇ ದಿನ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2017ರ ಫೆಬ್ರುವರಿ 14ರಂದು ಮೂವರ ಶಿಕ್ಷೆ ಮತ್ತೆ ಊರ್ಜಿತವಾಯಿತು. ಆ ವೇಳೆಗೆ ಜಯಲಲಿತಾ ತೀರಿಕೊಂಡಿದ್ದರು.

ಗಡುವು ತಪ್ಪಿದರೆ ಅಪರಾಧಿ ಪಾರಾಗಬಹುದು. ಗಡುವೇ ಇಲ್ಲದಿದ್ದರೆ ನಿರಪರಾಧಿ ಜೀವನಪೂರ್ತಿ ಕೋರ್ಟಿನ ಕರೆಗೆ ಕಾಯಬೇಕಾದೀತು. ಕಾನೂನು ಇವೆರಡರ ನಡುವೆ ಗೆರೆ ಎಳೆದು 90 ದಿನ ಎಂದಿದೆ.