ಕಾರ್ಯಾಗಾರ (ಗಣಕ ವಿಜ್ಞಾನ ಸಮ್ಮೇಳನ)

ಗಣಕ ವಿಜ್ಞಾನದ ಸಮ್ಮೇಳನಗಳಲ್ಲಿ ಕಾರ್ಯಾಗಾರ ಎಂದರೆ ಮುಖ್ಯ ಸಮ್ಮೇಳನದ ಜೊತೆಗೆ, ಸಾಮಾನ್ಯವಾಗಿ ಅದರ ಹಿಂದಿನ ಅಥವಾ ನಂತರದ ದಿನಗಳಲ್ಲಿ, ಒಂದು ನಿರ್ದಿಷ್ಟ ವಿಷಯವನ್ನು ಕುರಿತು ನಡೆಯುವ ಸಣ್ಣ ವಿದ್ವತ್ ಸಭೆ. ಇದರ ಅವಧಿ ಹೆಚ್ಚಾಗಿ ಅರ್ಧ ದಿನದಿಂದ ಎರಡು ದಿನ. ಕಾರ್ಯಾಗಾರದ ವಿಷಯವನ್ನು ಸಮ್ಮೇಳನದ ಸಂಘಟಕರು ನಿರ್ಧರಿಸುವುದಿಲ್ಲ. ಆಸಕ್ತ ಸಂಶೋಧಕರ ತಂಡವೊಂದು ಪ್ರಸ್ತಾವನೆ ಸಲ್ಲಿಸಿ, ಅದು ಆಯ್ಕೆಯಾದರೆ ತಾನೇ ಸಂಘಟಿಸುತ್ತದೆ. ಮುಖ್ಯ ಸಮ್ಮೇಳನದಲ್ಲಿ ಇನ್ನೂ ನೆಲೆ ಕಾಣದ ಹೊಸ ವಿಷಯಗಳೂ ಗಣಕೀಕೃತ ಪಠ್ಯ ಕಡಿಮೆ ಇರುವ ಭಾಷೆಗಳೂ ಸಂಶೋಧನಾ ವಲಯವನ್ನು ಪ್ರವೇಶಿಸುವುದು ಬಹುಮಟ್ಟಿಗೆ ಈ ದಾರಿಯಿಂದ. ಕನ್ನಡವೂ ಸೇರಿದಂತೆ ದ್ರಾವಿಡ ಭಾಷೆಗಳ ತಂತ್ರಜ್ಞಾನವನ್ನು ಕುರಿತು 2021ರಲ್ಲಿ ಆರಂಭವಾದ ಕಾರ್ಯಾಗಾರ ಸರಣಿ ಇದಕ್ಕೆ ಉದಾಹರಣೆ.

ಪದಬಳಕೆ

ಕರ್ನಾಟಕದ ಕಾಲೇಜುಗಳಲ್ಲಿ ‘ಕಾರ್ಯಾಗಾರ’ ಎಂಬ ಪದವು ಸಾಮಾನ್ಯವಾಗಿ ತರಬೇತಿ ಶಿಬಿರವನ್ನು ಸೂಚಿಸುತ್ತದೆ. ಅಲ್ಲಿ ಸಂಪನ್ಮೂಲ ವ್ಯಕ್ತಿಗಳು ಕಲಿಸುತ್ತಾರೆ, ಉಳಿದವರು ಕಲಿಯುತ್ತಾರೆ. ಸಮ್ಮೇಳನದ ಕಾರ್ಯಾಗಾರ ಇದಕ್ಕಿಂತ ಭಿನ್ನ. ಇಲ್ಲಿ ಭಾಗವಹಿಸುವವರೇ ಪ್ರಬಂಧಗಳನ್ನು ಕಳುಹಿಸುತ್ತಾರೆ; ವಿಮರ್ಶಕರು ಅವುಗಳನ್ನು ಪರಿಶೀಲಿಸುತ್ತಾರೆ; ಪೂರ್ಣಗೊಳ್ಳದ ಸಂಶೋಧನೆಯೂ ಚರ್ಚೆಗೆ ಬರುತ್ತದೆ. ಸಮ್ಮೇಳನಗಳಲ್ಲಿ ಕಲಿಕೆಗೆಂದೇ ಏರ್ಪಡಿಸುವ ಅಧಿವೇಶನವನ್ನು ‘ಟ್ಯುಟೋರಿಯಲ್’ ಎಂದು ಕರೆಯಲಾಗುತ್ತದೆ.

ಪ್ರಸ್ತಾವನೆ

ಸಮ್ಮೇಳನಕ್ಕೆ ಹಲವು ತಿಂಗಳುಗಳ ಮೊದಲೇ ಪ್ರಸ್ತಾವನೆಗಳಿಗೆ ಆಹ್ವಾನ ಪ್ರಕಟವಾಗುತ್ತದೆ. ಪ್ರಸ್ತಾವನೆಯು ಕೆಲವೇ ಪುಟಗಳ ದಾಖಲೆ. ಅದರಲ್ಲಿ ಸಾಮಾನ್ಯವಾಗಿ ಈ ಅಂಶಗಳಿರುತ್ತವೆ:

• ಕಾರ್ಯಾಗಾರದ ಹೆಸರು, ವಿಷಯದ ವ್ಯಾಪ್ತಿ ಮತ್ತು ಅದರ ಅಗತ್ಯ
• ಸಂಘಟಕರ ಪರಿಚಯ ಮತ್ತು ಹಿಂದಿನ ಅನುಭವ
• ಆಹ್ವಾನಿತ ಉಪನ್ಯಾಸಕರ ಪಟ್ಟಿ, ಅವರಲ್ಲಿ ಒಪ್ಪಿಗೆ ನೀಡಿದವರು ಯಾರು ಎಂಬ ವಿವರ
• ಪ್ರಬಂಧಗಳನ್ನು ಪರಿಶೀಲಿಸುವ ಕಾರ್ಯಕ್ರಮ ಸಮಿತಿಯ ಸದಸ್ಯರು
• ನಿರೀಕ್ಷಿತ ಪ್ರಬಂಧಗಳ ಹಾಗೂ ಸಭಿಕರ ಅಂದಾಜು ಸಂಖ್ಯೆ
• ಅವಧಿ, ದಿನದ ಕಾರ್ಯಕ್ರಮ ಮತ್ತು ಬೇಕಾಗುವ ಸೌಕರ್ಯ
• ಹಿಂದೆ ನಡೆದಿದ್ದರೆ ಆ ಆವೃತ್ತಿಗಳ ವಿವರ

ಪ್ರಸ್ತಾವನೆಯು ವಿಷಯದ ಮಹತ್ವವನ್ನು ಹೇಳಿದರೆ ಸಾಲದು. ಆ ವಿಷಯದಲ್ಲಿ ಕೆಲಸ ಮಾಡುವ ಜನರಿದ್ದಾರೆ ಎಂಬುದನ್ನೂ ತೋರಿಸಬೇಕಾಗುತ್ತದೆ. ಸಭಿಕರ ಅಂದಾಜು ಮತ್ತು ಸಮಿತಿಯ ಪಟ್ಟಿಗೆ ಆಯ್ಕೆಯಲ್ಲಿ ಮಹತ್ವವಿರುವುದು ಈ ಕಾರಣದಿಂದ. ಸಂಘಟಕರು ಒಂದೇ ಸಂಸ್ಥೆ ಅಥವಾ ಒಂದೇ ದೇಶಕ್ಕೆ ಸೀಮಿತರಾಗಿರಬಾರದು ಎಂಬ ನಿರೀಕ್ಷೆಯೂ ಸಾಮಾನ್ಯ.

ಭಾಷಾ ಸಂಸ್ಕರಣ ಕ್ಷೇತ್ರದಲ್ಲಿ ಗಣಕ ಭಾಷಾವಿಜ್ಞಾನ ಸಂಘವು (ಎಸಿಎಲ್) ತನ್ನ ಹಲವು ಸಮ್ಮೇಳನಗಳಿಗೆ ಸೇರಿ ಒಂದೇ ಆಹ್ವಾನ ಹೊರಡಿಸುತ್ತದೆ. ಪ್ರಸ್ತಾವಕರು ಒಂದೇ ದಾಖಲೆ ಸಲ್ಲಿಸಿ, ಯಾವ ಸಮ್ಮೇಳನದ ಜೊತೆ ನಡೆಸಲು ಇಚ್ಛಿಸುತ್ತಾರೆ ಎಂಬುದನ್ನು ಆದ್ಯತೆಯ ಕ್ರಮದಲ್ಲಿ ಸೂಚಿಸುತ್ತಾರೆ.

ಸಂಘಟನೆ

ಪ್ರಸ್ತಾವನೆ ಅಂಗೀಕೃತವಾದ ನಂತರ ಸಂಘಟಕರು ಜಾಲತಾಣ ರೂಪಿಸಿ ಪ್ರಬಂಧಗಳಿಗೆ ಆಹ್ವಾನ ಪ್ರಕಟಿಸುತ್ತಾರೆ. ಬಂದ ಪ್ರತಿ ಪ್ರಬಂಧವನ್ನೂ ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು ವಿಮರ್ಶಕರಿಗೆ ಕಳುಹಿಸಲಾಗುತ್ತದೆ. ಆಯ್ಕೆಯಾದವು ಉಪನ್ಯಾಸ ಅಥವಾ ಪೋಸ್ಟರ್ ರೂಪದಲ್ಲಿ ಮಂಡನೆಯಾಗುತ್ತವೆ. ಸ್ಥಳ, ನೋಂದಣಿ ಮತ್ತು ಊಟೋಪಹಾರದ ವ್ಯವಸ್ಥೆಯನ್ನು ಹೆಚ್ಚಾಗಿ ಮುಖ್ಯ ಸಮ್ಮೇಳನವೇ ನೋಡಿಕೊಳ್ಳುತ್ತದೆ. ಆಹ್ವಾನಿತರ ಪ್ರಯಾಣ ವೆಚ್ಚಕ್ಕೆ ಸಂಘಟಕರು ಪ್ರಾಯೋಜಕರನ್ನು ಹುಡುಕಬೇಕಾಗಬಹುದು. ಸಂಘಟಕರಿಗೂ ವಿಮರ್ಶಕರಿಗೂ ಸಾಮಾನ್ಯವಾಗಿ ಸಂಭಾವನೆ ಇರುವುದಿಲ್ಲ.

ಪ್ರಬಂಧಗಳು ಸಂಪುಟವಾಗಿ ಪ್ರಕಟವಾಗುತ್ತವೆಯೇ ಇಲ್ಲವೇ ಎಂಬುದನ್ನು ಆರಂಭದಲ್ಲಿಯೇ ತಿಳಿಸಲಾಗುತ್ತದೆ. ಸಂಪುಟವಿಲ್ಲದ ಕಾರ್ಯಾಗಾರದಲ್ಲಿ ಮಂಡಿಸಿದ ಕೆಲಸವನ್ನು ಮುಂದೆ ಬೇರೆಡೆ ಪೂರ್ಣ ಪ್ರಬಂಧವಾಗಿ ಪ್ರಕಟಿಸುವುದು ಸುಲಭ. ಎಸಿಎಲ್‌ನ ಸಂಪುಟಗಳು ಅದರ ಆಂಥಾಲಜಿ ಎಂಬ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. 1995ರಿಂದ ನಡೆಯುತ್ತಿರುವ ಸಿಇಯುಆರ್ ಸರಣಿಯೂ ಕಾರ್ಯಾಗಾರಗಳ ಸಂಪುಟಗಳನ್ನು ಉಚಿತವಾಗಿ ಪ್ರಕಟಿಸುತ್ತದೆ.

ಅನೇಕ ಕಾರ್ಯಾಗಾರಗಳು ‘ಶೇರ್ಡ್ ಟಾಸ್ಕ್’ ಎಂಬ ಸ್ಪರ್ಧೆಯನ್ನೂ ಏರ್ಪಡಿಸುತ್ತವೆ. ಸಂಘಟಕರು ಒಂದೇ ಸಮಸ್ಯೆಯನ್ನೂ ಒಂದೇ ದತ್ತಾಂಶವನ್ನೂ ಎಲ್ಲ ತಂಡಗಳಿಗೆ ನೀಡುತ್ತಾರೆ. ತಂಡಗಳು ತಮ್ಮ ಉತ್ತರಗಳನ್ನು ಸಲ್ಲಿಸುತ್ತವೆ. ಸಂಘಟಕರು ಅವುಗಳನ್ನು ಒಂದೇ ಅಳತೆಗೋಲಿನಿಂದ ಹೋಲಿಸಿ ಫಲಿತಾಂಶ ಪ್ರಕಟಿಸುತ್ತಾರೆ. ದತ್ತಾಂಶವನ್ನು ಸ್ವತಃ ಸಂಗ್ರಹಿಸುವ ಶಕ್ತಿಯಿಲ್ಲದ ವಿದ್ಯಾರ್ಥಿ ತಂಡಗಳಿಗೆ ಇದು ಸಂಶೋಧನೆಯ ಮೊದಲ ಮೆಟ್ಟಿಲಾಗಬಲ್ಲದು.

ಕರ್ನಾಟಕ ಮತ್ತು ಕನ್ನಡ

ಸೈದ್ಧಾಂತಿಕ ಗಣಕ ವಿಜ್ಞಾನದ ವಾರ್ಷಿಕ ಸಮ್ಮೇಳನವಾದ ಎಫ್‌ಎಸ್‌ಟಿಟಿಸಿಎಸ್ 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಹಿಂದಿನ ಮತ್ತು ನಂತರದ ದಿನಗಳಲ್ಲಿ ಕಾರ್ಯಾಗಾರಗಳು ನಡೆಯುವ ರೂಢಿಯಿದೆ.

ಕನ್ನಡ ಭಾಷೆಯನ್ನು ನೇರವಾಗಿ ಒಳಗೊಂಡ ಕೆಲಸ ಹೆಚ್ಚಾಗಿ ಬೆಳೆದದ್ದು ಭಾಷಾ ಸಂಸ್ಕರಣದ ಕಾರ್ಯಾಗಾರಗಳಲ್ಲಿ. ಯೂಟ್ಯೂಬ್‌ನ 7,671 ಕನ್ನಡ-ಇಂಗ್ಲಿಷ್ ಮಿಶ್ರಿತ ಅಭಿಪ್ರಾಯಗಳ ‘ಕ್ಯಾನ್‌ಸಿಎಂಡಿ’ ದತ್ತಾಂಶವು 2020ರಲ್ಲಿ ಕೋಲಿಂಗ್ ಸಮ್ಮೇಳನದ ಒಂದು ಕಾರ್ಯಾಗಾರದಲ್ಲಿ ಪ್ರಕಟವಾಯಿತು. 2021ರ ಏಪ್ರಿಲ್‌ನಲ್ಲಿ ದ್ರಾವಿಡ ಭಾಷೆಗಳ ಮಾತು ಮತ್ತು ಭಾಷಾ ತಂತ್ರಜ್ಞಾನದ ಮೊದಲ ಕಾರ್ಯಾಗಾರವು ಎಸಿಎಲ್‌ನ ಯುರೋಪ್ ಶಾಖೆಯ ಸಮ್ಮೇಳನದ (ಇಎಸಿಎಲ್) ಜೊತೆಯಲ್ಲಿ ನಡೆಯಿತು. ಕೀವ್‌ನಲ್ಲಿ ನಡೆಯಬೇಕಿದ್ದ ಆ ಸಮ್ಮೇಳನವು ಕೋವಿಡ್ ಕಾರಣದಿಂದ ಅಂತರಜಾಲದಲ್ಲಿ ನಡೆಯಿತು. ಸಂಘಟಕರ ತಂಡದಲ್ಲಿ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಅಧ್ಯಾಪಕರೂ ಇದ್ದರು. ತಮಿಳು, ಮಲಯಾಳಂ ಮತ್ತು ಕನ್ನಡದ ನಿಂದನಾತ್ಮಕ ಬರಹಗಳನ್ನು ಗುರುತಿಸುವುದು ಅಲ್ಲಿನ ಸ್ಪರ್ಧೆಗಳಲ್ಲಿ ಒಂದಾಗಿತ್ತು. 2022ರಲ್ಲಿ ಡಬ್ಲಿನ್‌ನಲ್ಲಿ ಎಸಿಎಲ್ ಸಮ್ಮೇಳನದ ಜೊತೆ ನಡೆದ ಎರಡನೆಯ ಆವೃತ್ತಿಯಲ್ಲಿ ಕನ್ನಡದಿಂದ ತಮಿಳು, ತೆಲುಗು, ಮಲಯಾಳಂ, ತುಳು ಮತ್ತು ಸಂಸ್ಕೃತಕ್ಕೆ ಯಂತ್ರಾನುವಾದ ಮಾಡುವ ಸ್ಪರ್ಧೆಯಿತ್ತು. ಮುಂದಿನ ಆವೃತ್ತಿಗಳು 2023ರಲ್ಲಿ ಬಲ್ಗೇರಿಯಾದ ವಾರ್ನಾದಲ್ಲಿಯೂ 2024ರಲ್ಲಿ ಮಾಲ್ಟಾದಲ್ಲಿಯೂ ನಡೆದವು.

ಗಡಿನಾಡಿನ ಮಿಶ್ರಭಾಷೆ: ಕೆಜಿಎಫ್ ಮತ್ತು ಬಂಗಾರಪೇಟೆ

ಈ ಕಾರ್ಯಾಗಾರಗಳು ಎತ್ತಿಕೊಂಡ ಸಮಸ್ಯೆಯ ತೀವ್ರತೆಯನ್ನು ಕೋಲಾರ ಜಿಲ್ಲೆಯಲ್ಲಿ ಕಾಣಬಹುದು. ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಗಡಿಗೆ ಹೊಂದಿಕೊಂಡಿರುವ ಈ ಜಿಲ್ಲೆಯ ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶಕ್ಕೆ 1880ರ ನಂತರ ತಮಿಳು ಮತ್ತು ತೆಲುಗು ಸೀಮೆಗಳಿಂದ ಗಣಿ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರೂ ಆ ಬಹುಭಾಷಿಕ ಸಮುದಾಯ ಉಳಿದಿದೆ. ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ರೈಲ್ವೆ ಜಂಕ್ಷನ್ ಬಂಗಾರಪೇಟೆಯಲ್ಲಿಯೂ ಕನ್ನಡ, ತೆಲುಗು, ತಮಿಳು ಮತ್ತು ಉರ್ದು ಒಟ್ಟಿಗೆ ಕೇಳಿಬರುತ್ತವೆ.

ಮೇಲೆ ಹೇಳಿದ ಕ್ಯಾನ್‌ಸಿಎಂಡಿ ದತ್ತಾಂಶವು ಕನ್ನಡ ಮತ್ತು ಇಂಗ್ಲಿಷ್ ಎಂಬ ಜೋಡಿಯನ್ನು ಆಧರಿಸಿದೆ. 2021ರ ಸ್ಪರ್ಧೆಯ ಕನ್ನಡ ದತ್ತಾಂಶದಲ್ಲಿ ಕನ್ನಡವಲ್ಲದ ಬರಹಗಳಿಗೆಂದೇ ಒಂದು ಪ್ರತ್ಯೇಕ ವರ್ಗವಿತ್ತು. ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು ಮತ್ತು ಇಂಗ್ಲಿಷ್ ಬೆರೆತಾಗ ಅದನ್ನು ಇಂತಹ ವರ್ಗೀಕರಣದಲ್ಲಿ ಎಲ್ಲಿ ಸೇರಿಸಬೇಕು ಎಂಬುದು ಕಠಿಣ ಪ್ರಶ್ನೆ. ಯಂತ್ರಕ್ಕೆ ಇಂತಹ ಮಾತು ಅರ್ಥವಾಗದಿದ್ದರೆ ನಿಂದನೆ ಪತ್ತೆಯಾಗದೆ ಉಳಿಯಬಹುದು, ನಿರಪಾಯಕಾರಿ ಮಾತು ಅಳಿಸಿಹೋಗಬಹುದು. ಪದಮಟ್ಟದಲ್ಲಿ ಭಾಷೆಯನ್ನು ಗುರುತಿಸುವ ಸ್ಪರ್ಧೆಗಳು ಈ ದಿಕ್ಕಿನ ಹೆಜ್ಜೆಗಳು. 2022ರ ಐಕಾನ್ ಸಮ್ಮೇಳನದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ ನಡೆಸಿದ ಕನ್ನಡ-ಇಂಗ್ಲಿಷ್ ಸ್ಪರ್ಧೆಯಲ್ಲಿ ಪ್ರತಿ ಪದವನ್ನು ಕನ್ನಡ, ಇಂಗ್ಲಿಷ್, ಮಿಶ್ರ, ಹೆಸರು, ಸ್ಥಳ, ಇತರ ಎಂಬ ಆರು ವರ್ಗಗಳಲ್ಲಿ ಒಂದಕ್ಕೆ ಸೇರಿಸಬೇಕಿತ್ತು. ಇಂತಹ ದತ್ತಾಂಶಕ್ಕೆ ಗುರುತು ಹಚ್ಚಲು ಆ ಭಾಷೆಗಳನ್ನು ದಿನನಿತ್ಯ ಬೆರೆಸಿ ಆಡುವವರೇ ಅತ್ಯಂತ ಸಮರ್ಥರು. ಆದುದರಿಂದ ಗಡಿನಾಡಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಮ್ಮ ಆಡುಮಾತೇ ಸಂಶೋಧನೆಯ ಸಂಪನ್ಮೂಲವಾಗಬಲ್ಲದು.

ಮಿತಿಗಳು

ಕಾರ್ಯಾಗಾರದ ಪ್ರಬಂಧಗಳಿಗೆ ಮುಖ್ಯ ಸಮ್ಮೇಳನದ ಪ್ರಬಂಧಗಳಷ್ಟು ಮನ್ನಣೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಪ್ರಬಂಧಗಳು ಕಡಿಮೆ ಬಂದರೆ ಕಾರ್ಯಾಗಾರವನ್ನು ಇನ್ನೊಂದರ ಜೊತೆ ಸೇರಿಸುವುದೂ ರದ್ದುಪಡಿಸುವುದೂ ಉಂಟು. ನೋಂದಣಿ ಶುಲ್ಕ ಮತ್ತು ವಿದೇಶ ಪ್ರಯಾಣದ ವೆಚ್ಚ ವಿದ್ಯಾರ್ಥಿಗಳಿಗೆ ಅಡ್ಡಿಯಾಗುತ್ತವೆ. ಅಂತರಜಾಲದ ಮೂಲಕ ಮಂಡಿಸುವ ಅವಕಾಶ ಮತ್ತು ವಿದ್ಯಾರ್ಥಿ ಸಹಾಯಧನ ಈ ಅಡ್ಡಿಯನ್ನು ಭಾಗಶಃ ಕಡಿಮೆ ಮಾಡುತ್ತವೆ. ಸರಣಿಯ ಮುಂದುವರಿಕೆಯೂ ನಿಶ್ಚಿತವಲ್ಲ. ಮರಳಿ ನಡೆಯಬೇಕಾದರೆ ಪ್ರತಿ ಬಾರಿಯೂ ಹೊಸ ಪ್ರಸ್ತಾವನೆ ಸಲ್ಲಿಸಿ, ಆ ವಿಷಯದಲ್ಲಿ ಕೆಲಸ ಮಾಡುವವರು ಇನ್ನೂ ಇದ್ದಾರೆ ಎಂಬುದನ್ನು ತೋರಿಸಬೇಕಾಗುತ್ತದೆ.