ಮರಿಯ ಬೆಲೆಗೆ ಮೊದಲು ತಾಯಿಯನ್ನು ಕೇಳಿ

ದನದ ಜಾತ್ರೆಯಲ್ಲಿ ಹೋರಿ ಕೊಳ್ಳುವ ರೈತ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು ಆಮೇಲೆ. ಅದೇ ಮನೆಯ ಮಗ ಬೆಂಗಳೂರಿನಲ್ಲಿ ಕೂತು ಮೊಬೈಲಿಗೆ ಬಂದ ಒಂದು ಫೋಟೊ ನೋಡಿ ಲ್ಯಾಬ್ರಡಾರ್ ಮರಿಗೆ ಅಡ್ವಾನ್ಸ್ ಕಳಿಸಿಬಿಡುತ್ತಾನೆ. ಬೇಜವಾಬ್ದಾರಿ ಬ್ರೀಡರ್‌ಗಳ ವ್ಯಾಪಾರ ನಡೆಯುವುದೇ ಈ ಅವಸರದ ಮೇಲೆ. ಹೆಣ್ಣುನಾಯಿಯ ಆರೋಗ್ಯ, ಹುಟ್ಟುವ ಮರಿಗಳ ಗತಿ ಯಾವುದನ್ನೂ ಲೆಕ್ಕಿಸದೆ ಸೂಲಿನ ಮೇಲೆ ಸೂಲು ಹಾಕಿಸಿ ಮಾರುವವರು ಇವರು. ಬೋರ್ಡು ಹಾಕಿಕೊಂಡವರಲ್ಲಿ ಮಾತ್ರವಲ್ಲ, ಮನೆಯಲ್ಲಿ ಎರಡು ನಾಯಿ ಸಾಕಿಕೊಂಡವರಲ್ಲೂ ಇಂಥವರಿರುತ್ತಾರೆ.

ತಾಯಿ ಎಲ್ಲಿ?

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರಲ್ಲ, ನಾಯಿಮರಿಯ ವಿಷಯದಲ್ಲಿ ಅದು ನೂರಕ್ಕೆ ನೂರು ನಿಜ. ಆದ್ದರಿಂದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ತಾಯಿಯದ್ದು. "ತಾಯಿ ಫಾರ್ಮಲ್ಲಿದೆ ಸಾರ್", "ಹೊಸಬರನ್ನ ಕಂಡ್ರೆ ಕಚ್ಚುತ್ತೆ", "ನೀವ್ಯಾಕೆ ಅಷ್ಟು ದೂರ ಬರ್ತೀರಾ, ಮೆಟ್ರೊ ಸ್ಟೇಷನ್ ಹತ್ರ ನಾನೇ ತಂದು ಕೊಡ್ತೀನಿ" ಇವು ಸಾಮಾನ್ಯವಾಗಿ ಸಿಗುವ ಉತ್ತರಗಳು. ಕೊನೆಯದು ಕೇಳಲು ಬಹಳ ಸೌಜನ್ಯದ ಮಾತು. ನನ್ನ ಮಟ್ಟಿಗೆ ಅಲ್ಲಿಗೇ ಫೋನ್ ಇಟ್ಟುಬಿಡುವುದು ಒಳ್ಳೆಯದು.

ತಾಯಿಯನ್ನು ತೋರಿಸಿದರೂ ಅದು ನಿಜವಾದ ತಾಯಿಯೇ ಎಂದು ನೋಡಿಕೊಳ್ಳಬೇಕು. ಹಾಲೂಡುತ್ತಿರುವ ನಾಯಿಯ ಮೊಲೆಗಳು ಇಳಿಬಿದ್ದಿರುತ್ತವೆ, ಮರಿಗಳು ಅದನ್ನು ಕಂಡ ಕೂಡಲೇ ಮುಗಿಬೀಳುತ್ತವೆ. ಬಾಣಂತಿ ನಾಯಿ ಸ್ವಲ್ಪ ಬಡಕಲಾಗಿದ್ದರೆ, ಕೂದಲು ಉದುರಿದ್ದರೆ ಗಾಬರಿ ಬೇಡ, ಅದು ಸಹಜ. ಮಾಲೀಕ ಹತ್ತಿರ ಬಂದಾಗ ಅದು ಬಾಲ ಅಲ್ಲಾಡಿಸುತ್ತದೋ, ಮೂಲೆಗೆ ಮುದುರುತ್ತದೋ ಎನ್ನುವುದನ್ನು ಗಮನಿಸಿ. ಗಂಡುನಾಯಿ ಆ ಮನೆಯಲ್ಲಿ ಇಲ್ಲದಿದ್ದರೆ ಅದು ದೋಷವಲ್ಲ. ಒಳ್ಳೆಯ ಬ್ರೀಡರ್‌ಗಳು ಹೆಚ್ಚಾಗಿ ಹೊರಗಿನ ಗಂಡಿನ ಜೊತೆಗೇ ಮೇಟಿಂಗ್ ಮಾಡಿಸುತ್ತಾರೆ. ಗಂಡು ಹೆಣ್ಣು ಎರಡೂ ಅಲ್ಲೇ ಇದ್ದರೆ, ಅವು ಒಂದೇ ತಾಯಿಯ ಮಕ್ಕಳಲ್ಲ ತಾನೇ ಎಂದು ಕೇಳಲು ಸಂಕೋಚ ಬೇಡ.

ಹಿಂದಿನ ಸೂಲು ಯಾವಾಗ ಎಂದೂ ಕೇಳಿ. ಸಾಮಾನ್ಯವಾಗಿ ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಗರ್ಭ ನಿಲ್ಲುವುದು ಸುಮಾರು 63 ದಿನ. ದುರಾಸೆಯವರು ಪ್ರತಿ ಬೆದೆಗೂ ಮರಿ ಹಾಕಿಸುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ತಂದ ನಾಯಿ ತಳಿವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ 18 ತಿಂಗಳು ತುಂಬದ, ಎಂಟು ವರ್ಷ ದಾಟಿದ ಹೆಣ್ಣಿಗೆ ಮರಿ ಹಾಕಿಸುವಂತಿಲ್ಲ. ಸತತ ಎರಡು ಬೆದೆಗೆ ಕೂಡದು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು.

ಒಮ್ಮೆ ತಂಗಿಯ ಜೊತೆ ಬೀಗಲ್ ಮರಿ ನೋಡಲು ಹೋಗಿದ್ದೆ. ಹಾಲ್‌ನಲ್ಲಿ ಬೆತ್ತದ ಬುಟ್ಟಿ, ಅದರಲ್ಲಿ ಪೌಡರ್ ಘಮಘಮಿಸುವ ಮೂರು ಮರಿ. ಒಳಬಾಗಿಲಿಗೆ ಚಿಲಕ. ಬಾಗಿಲ ಸಂದಿಯಿಂದ ಫಿನಾಯಿಲ್ ವಾಸನೆ, ಜೊತೆಗೆ ಏಳೆಂಟು ನಾಯಿಗಳ ಬೊಗಳಾಟ. ಒಳಗೆ ಎಷ್ಟಿವೆ ಎಂದು ಕೇಳಿದೆ. "ಎರಡೇ ಮೇಡಂ" ಎಂದರು. ನಾವು ಕಾಫಿ ಕುಡಿಯದೆ ಎದ್ದು ಬಂದೆವು.

ಎಂಟು ವಾರದ ಲೆಕ್ಕ

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೆ ಚಿಕ್ಕ ಮರಿ ಬೇಗ ಖರ್ಚಾಗುತ್ತದೆ, ಅದರ ಊಟದ ಖರ್ಚೂ ಉಳಿಯುತ್ತದೆ. ಹಾಗಾಗಿ ಐದು ವಾರದ್ದನ್ನೇ ಎರಡು ತಿಂಗಳದ್ದು ಎಂದು ದಾಟಿಸುತ್ತಾರೆ. ಇಲ್ಲಿ ಆ ರೈತನ ಬುದ್ಧಿಯೇ ಬೇಕು, ಬಾಯಿ ಬಿಡಿಸಿ. ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲುಗಳೂ ಬಹುತೇಕ ಬಂದಿರುತ್ತವೆ. ಐದು ವಾರದ್ದಕ್ಕೆ ಮುಂದಿನ ಸೂಜಿಹಲ್ಲು ಇದ್ದರೂ ಹಿಂದಿನ ದವಡೆ ತುಂಬಿರುವುದಿಲ್ಲ. ಆ ಮೂರು ವಾರ ಸಣ್ಣದಲ್ಲ. ಎಷ್ಟು ಜೋರಾಗಿ ಕಚ್ಚಬಾರದು ಎನ್ನುವುದನ್ನು ಮರಿ ಕಲಿಯುವುದು ಆಗಲೇ, ಒಡಹುಟ್ಟಿದವುಗಳ ಜೊತೆ ಕಿತ್ತಾಡುತ್ತ.

ಇನ್ನು ಹೊಟ್ಟೆ. ಮೈ ಸಣಕಲು, ಹೊಟ್ಟೆ ಮಾತ್ರ ಡೋಲು ಎನ್ನುವಂತಿದ್ದರೆ ಅದು ಮುದ್ದಲ್ಲ, ಹೆಚ್ಚಾಗಿ ಜಂತುಹುಳು. ಜಂತಿನ ಔಷಧಿಯನ್ನು ಎರಡನೇ ವಾರದಿಂದಲೇ ಶುರುಮಾಡಬೇಕು.

ಪುಸ್ತಕ, ಚಿಪ್, ಪೇಪರ್

ಲಸಿಕೆ ಹಾಕಿಸಿದ್ದೇವೆ ಎಂದು ಎಲ್ಲರೂ ಒಂದು ಪುಸ್ತಕ ಕೊಡುತ್ತಾರೆ. ಬಾಲ್‌ಪೆನ್ನಿನಲ್ಲಿ ತಾರೀಕು, ಪಕ್ಕದಲ್ಲಿ ಒಂದು ಟಿಕ್ ಅಷ್ಟೇ ಇದ್ದರೆ ಅದನ್ನು ನಂಬಬೇಡಿ. ಲಸಿಕೆಯ ಶೀಶೆಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್, ಅದರಲ್ಲಿ ಬ್ಯಾಚ್ ನಂಬರ್, ಕೆಳಗೆ ಪಶುವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಎರಡು ತಿಂಗಳ ಮರಿಗೆ "ಎಲ್ಲಾ ಇಂಜೆಕ್ಷನ್ ಮುಗಿದಿದೆ" ಎಂದವನು ಸುಳ್ಳು ಹೇಳುತ್ತಿದ್ದಾನೆ.

ನಿಯಮದಂತೆ ಮಾರುವ ಮರಿಗೆ ಮೈಕ್ರೊಚಿಪ್ ಕೂಡ ಇರಬೇಕು. ಹೆಗಲ ನಡುವೆ ಚರ್ಮದಡಿ ಇಡುವ ಅಕ್ಕಿಕಾಳಿನಷ್ಟು ಚಿಪ್ ಅದು, 15 ಅಂಕಿಯ ಸಂಖ್ಯೆ ಹೊತ್ತಿರುತ್ತದೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿಗೂ ಇದು ಬೇಕು. ರೀಡರ್ ಹಿಡಿದಾಗ ಬರುವ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಆಗಿರಬೇಕು. ಆದರೆ "ಪೇಪರ್ ಇರೋ ಮರಿ" ಎಂದ ಮಾತ್ರಕ್ಕೆ ಅದು ಗಟ್ಟಿಮುಟ್ಟು ಎಂದಲ್ಲ. ಆ ಕಾಗದ ಹೇಳುವುದು ವಂಶ, ಆರೋಗ್ಯವನ್ನಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ದೋಷ ವಂಶದಲ್ಲೇ ಹರಿದು ಬರುತ್ತದೆ. ತಂದೆ-ತಾಯಿಯ ಸೊಂಟದ ಎಕ್ಸ್‌ರೇ ತೆಗೆಸಿದ್ದೀರಾ ಎಂದು ಕೇಳಿ ನೋಡಿ. ತೆಗೆಸಿದವರು ಖುಷಿಯಿಂದ ತೋರಿಸುತ್ತಾರೆ, ಉಳಿದವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ.

ಫ್ಯಾಷನ್ ತಳಿಗಳು

2003ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ದೇಶಕ್ಕೆಲ್ಲ ಹುಚ್ಚು ಹಿಡಿಸಿತು. ಚಪ್ಪಟೆ ಮೂಗಿನ ಆ ಜೀವ ನಮ್ಮ ಬೇಸಿಗೆಯಲ್ಲಿ ಉಸಿರಿಗೆ ಎಷ್ಟು ಒದ್ದಾಡುತ್ತದೆ ಎಂದು ಜಾಹೀರಾತು ಹೇಳಲಿಲ್ಲ. 2022ರ '777 ಚಾರ್ಲಿ' ಸಿನಿಮಾದಲ್ಲಿ ಚಾರ್ಲಿಯ ಕಾಯಿಲೆಯ ಬೇರು ಇರುವುದು ರಕ್ತಸಂಬಂಧದಲ್ಲೇ ಮರಿ ಹಾಕಿಸುವ ಬ್ರೀಡರ್‌ನ ದಂಧೆಯಲ್ಲಿ. ಪ್ರೇಕ್ಷಕರು ಅತ್ತರು, ಸರಿ. ಆದರೂ "ಟೀಕಪ್", "ಅಪರೂಪದ ಬಣ್ಣ" ಎನ್ನುವ ಪದಗಳಿಗೆ ಇವತ್ತಿಗೂ ದುಡ್ಡು ಸುರಿಯುವವರಿದ್ದಾರೆ. ಮಚ್ಚೆಮಚ್ಚೆಯ ಮರ್ಲ್ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಕೆಲವು ಕಿವುಡು ಇಲ್ಲವೇ ಕುರುಡಾಗುತ್ತವೆ.

ದೇಶಿ ತಳಿ ಬೇಕೆನ್ನುವವರಿಗೂ ಇದೇ ಎಚ್ಚರ ಬೇಕು. ಕಾಲುದ್ದದ ಬಡಕಲು ನಾಯಿಯೆಲ್ಲ ಮುಧೋಳ ಅಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇರುವಾಗ ದಾರಿಬದಿಯ ಬುಟ್ಟಿಯಿಂದ ಎತ್ತಿಕೊಳ್ಳುವ ದರ್ದು ಏನಿದೆ?

ಮೋಸ ಹೋದ ಮೇಲೆ

ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಆ ಪ್ರಮಾಣಪತ್ರ ಕೇಳಿ. ಶಿಕ್ಷೆಯ ಭಯ ಮಾತ್ರ ಯಾರಿಗೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಹಿಂಸೆಯ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆದೋಸೆಗೂ ಸಾಲದು.

ಹಾಗಾಗಿ ಕೊಂಡವರಿಗೆ ಗ್ರಾಹಕರ ಆಯೋಗದ ಬಾಗಿಲೇ ಹತ್ತಿರ, ಸಹಾಯವಾಣಿ 1915. ಹಣ ಕಳಿಸಿದ ರಸೀದಿ, ವಾಟ್ಸಾಪ್ ಮಾತುಕತೆ, ಲಸಿಕೆ ಪುಸ್ತಕ ಇವನ್ನು ಎತ್ತಿಡಿ. ಮರಿ ತಂದ ದಿನವೋ ಮರುದಿನವೋ ನಿಮ್ಮದೇ ಪಶುವೈದ್ಯರಿಗೆ ತೋರಿಸಿ ಲಿಖಿತ ವರದಿ ಪಡೆಯಿರಿ. ಪಾರ್ವೊ ಸೋಂಕು ತಗುಲಿ ವಾಂತಿ, ರಕ್ತಭೇದಿ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಮನೆಗೆ ಬಂದ ಮರುದಿನವೇ ಮರಿ ಮಲಗಿತು ಎಂದರೆ ರೋಗವನ್ನು ಅದು ಮಾರಿದವರ ಜಾಗದಿಂದಲೇ ಹೊತ್ತು ತಂದಿದೆ. ಆ ತಾರೀಕುಗಳು ವೈದ್ಯರ ಕೈಬರಹದಲ್ಲಿದ್ದರೆ "ನಿಮ್ಮ ಮನೇಲಿ ಏನೋ ತಿಂದಿರುತ್ತೆ" ಎಂದು ಮಾರಿದವನು ಜಾರಿಕೊಳ್ಳುವುದು ಕಷ್ಟ.